ಮೂರನೇ ಭಾನುವಾರದ ಆಕ್ಷೇಪಣೆ

ನಂಬಲ್ಲ ಅನ್ನೋದಾದರೆ ಈಗಲೇ ಹೇಳಿಬಿಡಿ, ನನಗೇನೂ ಬೇಜಾರಿಲ್ಲ. ಮಂಡಿಕಲ್ ಕಡೆ ಬಂದು ಯಾರನ್ನಾದರೂ ಕೇಳಿಕೊಳ್ಳಿ. ರೇಷ್ಮೆ ಹುಳ ಸಾಕೋದರಲ್ಲಿ ನಮ್ಮ ಹೋಬಳಿಯಲ್ಲಿ ನನ್ನನ್ನು ಮೀರಿಸಿದವನಿಲ್ಲ. ಬೈಕ್ ಓಡಿಸೋದರಲ್ಲೂ ಇಲ್ಲ. ಚರ್ಚಿನಲ್ಲಿ ನಾನು ಹಾಡೋಕೆ ನಿಂತರೆ ತಬಲದವನು ನನ್ನ ಹಿಂದೆ ಓಡಿ ಓಡಿ ಸುಸ್ತಾಗುತ್ತಾನೆ. ಇಂಥ ನನಗೇ, ಬೇರೆ ಯಾರಿಗೂ ಆಗದಂಥವು ಆಗುತ್ತಲೇ ಇರುತ್ತವೆ. ಅದರಲ್ಲೂ ಮದುವೆ ಗೊತ್ತಾಗೋ ಹೊತ್ತಿನ ಆ ಮೂರು ವಾರ ನಾನು ಬೆವರಿದಷ್ಟು ಬೇಸಿಗೆಯಲ್ಲೂ ಬೆವರಿಲ್ಲ.

ಮಂಡಿ ಪರೀಕ್ಷೆ

ಹುಡುಗಿ ನೋಡೋಕೆ ಗೌರಿಬಿದನೂರಿಗೆ ಹೋಗಿದ್ದೆವು. ಹುಡುಗಿ ಅಲ್ಲೇ ಒಂದು ರಕ್ತ ಪರೀಕ್ಷೆ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅವಳನ್ನು ಸಾಕಿದ್ದು ಅವಳ ಅಜ್ಜಿ. ಎಲ್ಲರೂ ಆಕೆಯನ್ನು ಅವ್ವ ಅಂತಾರೆ, ಆ ಮನೆಯಲ್ಲಿ ಆಕೆ ಹೇಳಿದ್ದೇ ಕೊನೆ ಮಾತು. ಹುಡುಗಿ ಕಾಫಿ ಕೊಟ್ಟು ಒಂದು ಸಲ ನನ್ನ ಮುಖ ನೋಡಿ ಒಳಗೆ ಹೋದಳು. ಅಷ್ಟೇ, ನನಗೆ ಬೇರೆ ಹುಡುಗಿ ಬೇಡ ಅಂತ ಗೊತ್ತಾಗಿಹೋಯಿತು. ಗೊತ್ತಾದ ತಕ್ಷಣ ಭಯ ಶುರುವಾಯಿತು. ನನಗೆ ಭಯ ಆದರೆ ಬಾಯಿ ನಿಲ್ಲುವುದಿಲ್ಲ.

ಅವ್ವ ಕೇಳಿದಳು, "ಏಮಪ್ಪಾ, ಚರ್ಚಿಗೆ ಸರಿಯಾಗಿ ಹೋಗ್ತೀಯಾ?"

"ಐದು ವರ್ಷದಿಂದ ಒಂದು ಭಾನುವಾರ ತಪ್ಸಿಲ್ಲ ಅವ್ವಾ."

"ಮನೇಲಿ ಪ್ರಾರ್ಥನೆ?"

"ದಿನಾ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಒಂದು ಗಂಟೆ."

ನಾಲ್ಕಕ್ಕೆ ಏಳೋದು ನಿಜ. ಏಳೋದು ಹಿಪ್ಪುನೇರಳೆ ಸೊಪ್ಪು ಕೊಯ್ಯೋಕೆ.

"ಮಂಡಿಯೂರಿ ಮಾಡ್ತೀಯೋ, ಕೂತು ಮಾಡ್ತೀಯೋ?"

"ಮಂಡಿಯೂರೇ ಅವ್ವಾ!"

"ಎಲ್ಲಿ, ಮಂಡಿ ತೋರ್ಸು."

ನಮ್ಮಮ್ಮ ನನ್ನ ಕಡೆ ನೋಡಿದಳು. ವಿಧಿಯಿಲ್ಲದೆ ಪ್ಯಾಂಟು ಮೇಲೆತ್ತಿದೆ. ಪುಣ್ಯಕ್ಕೆ ಬಲಗಾಲಿನ ಮಂಡಿಯ ಮೇಲೆ ಕಪ್ಪಗೆ ಒಂದು ಗಟ್ಟಿ ಗುರುತಿತ್ತು. "ಇದೇ ನೋಡಿ ಅವ್ವಾ," ಅಂದೆ, ಎದೆಯುಬ್ಬಿಸಿ.

ಅವ್ವ ಕನ್ನಡಕ ಸರಿಮಾಡಿಕೊಂಡು ಬಗ್ಗಿ, ಬೆರಳಲ್ಲಿ ಒತ್ತಿ ನೋಡಿದಳು. "ಪ್ರಾರ್ಥನೆ ಮಾಡ್ದೋರಿಗೆ ಎರಡು ಮಂಡೀನೂ ಜಡ್ಡು ಕಟ್ತದಪ್ಪಾ. ಒಂದೇ ಮಂಡಿ ಆದ್ರೆ ಅದು ಬೈಕಿಂದ ಬಿದ್ದಿದ್ದು."

ಒಳಗಿನಿಂದ ಹುಡುಗಿ ನಕ್ಕಿದ್ದು ಕೇಳಿಸಿತು.

ಆದರೂ ಅವ್ವ ಪೂರ್ತಿ ಇಲ್ಲ ಅನ್ನಲಿಲ್ಲ. "ಮೂರು ಭಾನುವಾರ ಮದುವೆ ಪ್ರಕಟಣೆ ಓದಿಸ್ರಿ. ಮೂರನೇ ಸಲ ನಾನೇ ನಿಮ್ಮ ಚರ್ಚಿಗೆ ಬರ್ತೀನಿ. ನಂದೇನಾದ್ರೂ ಇದ್ರೆ ಅಲ್ಲೇ ಎದ್ದು ಹೇಳ್ತೀನಿ."

ಮೊದಲನೇ ಭಾನುವಾರ

ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಆರಾಧನೆಯ ನಡುವೆ ಹುಡುಗ ಹುಡುಗಿಯ ಹೆಸರು ಓದುತ್ತಾರೆ. ಓದಿ, "ಈ ಮದುವೆಗೆ ಆಕ್ಷೇಪಣೆ ಇದ್ದವರು ತಿಳಿಸಬೇಕು" ಅಂತ ಕೇಳಿ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾರೆ. ಬೇರೆಯವರ ಹೆಸರು ಓದಿದಾಗ ಆ ಗಳಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತಿತ್ತು. ನನ್ನ ಹೆಸರು ಓದಿದಾಗ ಮುಗಿಯಲೇ ಇಲ್ಲ.

ಪಾಸ್ಟರನ್ನು ನಾವು ಅಯ್ಯನವರು ಅಂತೀವಿ. ಅಯ್ಯನವರು ಓದಿ, ಕನ್ನಡಕ ತೆಗೆದು, ಸಭೆ ಕಡೆ ನೋಡುತ್ತಾ ನಿಂತರು. ನನ್ನ ಲೆಕ್ಕಾಚಾರ ಶುರುವಾಯಿತು. ಮುಂದಿನ ಬೆಂಚಿನಲ್ಲಿ ಕೂತವರ ಕೋಳಿ ಮೇಲೆ ನಾನು ಬೈಕ್ ಹತ್ತಿಸಿದ್ದೆ. ಕಿಟಕಿ ಪಕ್ಕದವರ ಹುಳ ಕೆಟ್ಟಾಗ "ನನ್ನ ಕೇಳಿದ್ರೆ ಹೇಳ್ಕೊಡ್ತಿದ್ದೆ" ಅಂತ ಅಂದಿದ್ದೆ. ಇಡೀ ಹಾಡಿನ ತಂಡಕ್ಕೆ ಶ್ರುತಿ ಗೊತ್ತಿಲ್ಲ ಅಂದಿದ್ದೆ. ಆಕ್ಷೇಪಣೆ ಇಲ್ಲದವರೇ ಅಲ್ಲಿ ಯಾರೂ ಇರಲಿಲ್ಲ.

ಹಿಂದಿನಿಂದ ಬೆಂಚು ಕಿರ್ ಅಂದಿತು. ಸಭೆಯ ಹಿರಿಯರೊಬ್ಬರು ಎದ್ದು ನಿಂತರು. "ಅಯ್ಯಾ, ನಂದೊಂದಿದೆ."

ನಮ್ಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಏನು, ಹೇಳಿ," ಅಂದರು ಅಯ್ಯನವರು.

"ಮದ್ವೆಗೇನಿಲ್ಲ, ಮಾಡ್ಕೊಳ್ಲಿ ಪಾಪ. ಹುಡುಗನ ಬೈಕು ಗೇಟಿಗೆ ಅಡ್ಡ ನಿಂತಿದೆ. ಹಾಲಿನ ಟೆಂಪೋದವನು ಆಗಿಂದ ಹಾರನ್ ಹೊಡೀತಾ ಇದಾನೆ."

ನನ್ನ ಮದುವೆಯ ಮೊದಲನೇ ಪ್ರಕಟಣೆಯ ಉಳಿದ ಭಾಗವನ್ನು ನಾನು ಬೈಕ್ ತಳ್ಳುತ್ತಾ ಕೇಳಿಸಿಕೊಂಡೆ.

ಭಾಯಿ ಕೊಟ್ಟ ಸರ್ಟಿಫಿಕೇಟು

ಇದು ನಾನೇ ತಂದುಕೊಂಡ ಗ್ರಹಚಾರ. ಗೌರಿಬಿದನೂರಿನಲ್ಲಿ ಜಂಬ ಹೊಡೆಯುವಾಗ, "ನನ್ನ ಬಗ್ಗೆ ಶಿಡ್ಲಘಟ್ಟದಲ್ಲಿ ಯಾರನ್ನ ಬೇಕಾದ್ರೂ ಕೇಳಿ" ಅಂದು, ನಮ್ಮ ರೇಷ್ಮೆ ಗೂಡು ಕೊಂಡು ನೂಲು ಬಿಚ್ಚುವ ಭಾಯಿಯ ನಂಬರನ್ನೂ ಕೊಟ್ಟುಬಂದಿದ್ದೆ. ಯಾರು ಫೋನ್ ಮಾಡಿ ಕೇಳುತ್ತಾರೆ ಅಂತ ಧೈರ್ಯ.

ಅವ್ವ ಮಾಡಿದಳು.

ಭಾಯಿ ಬಂಗಾರದಂಥ ಮನುಷ್ಯ. ನನಗೆ ಒಳ್ಳೆಯದಾಗಲಿ ಅಂತ ಮನಸಾರೆ ಹೊಗಳಿದ. ಆಮೇಲೆ ತಾನೇ ನನಗೆ ಖುಷಿಯಿಂದ ಹೇಳಿದ: "ಅರೇ, ಏನ್ ಹೇಳ್ದೆ ಗೊತ್ತಾ? ಅಮ್ಮಾ, ಹುಡುಗ ವಜ್ರ. ಕುಡಿಯಲ್ಲ, ಇಸ್ಪೀಟ್ ಇಲ್ಲ. ಮಾತಿಗೆ ತಪ್ಪಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಎದುರಿನ ಚಾ ಅಂಗಡಿಗೆ ಬಂದು ಬನ್ನು, ಚಾ ತಗೊಂಡು ಹನ್ನೊಂದರ ತನಕ ಕೂತಿರ್ತಾನೆ. ಮಳೆ ಬಂದ್ರೂ ತಪ್ಸಲ್ಲ. ಐದು ವರ್ಷ ಆಯ್ತು, ಅಂದೆ."

ನಮ್ಮ ಆರಾಧನೆ ಶುರುವಾಗೋದು ಹತ್ತಕ್ಕೆ.

ಒಂದು ಮಾತು ಹೇಳುತ್ತೇನೆ. ಆ ಬನ್ನನ್ನು ನಡುವೆ ಸೀಳಿ, ಬೆಣ್ಣೆ ಸವರಿ, ಕಾವಲಿ ಮೇಲೆ ಬಿಸಿ ಮಾಡಿ ಕೊಡುತ್ತಾರೆ. ಒಂದು ವಾರದ ಸೊಪ್ಪು, ಕಸ, ನಿದ್ದೆಗೆಟ್ಟ ಕಣ್ಣು, ಎಲ್ಲ ಆ ಮೊದಲ ತುತ್ತಿಗೆ ಇಳಿದುಹೋಗುತ್ತದೆ. ಅಲ್ಲಿ ಕೂತು ನಾನು "ಸ್ತೋತ್ರ ಕರ್ತನೇ" ಅಂದಷ್ಟು ನಿಜವಾಗಿ ಚರ್ಚಿನಲ್ಲಿ ಅಂದಿಲ್ಲ. ದೇವರಿಗೆ ಇದು ಗೊತ್ತು. ಅವ್ವನಿಗೆ ಹೇಗೆ ಹೇಳೋದು?

ಎರಡನೇ ಭಾನುವಾರ ಒಂಬತ್ತೂವರೆಗೇ ಹೋಗಿ ಮೊದಲನೇ ಬೆಂಚಿನಲ್ಲಿ ಕೂತೆ. ಅಯ್ಯನವರೇ ಗಾಬರಿಯಾಗಿ "ಯಾಕಪ್ಪಾ, ಅಮ್ಮನಿಗೆ ಹುಷಾರಿಲ್ವಾ?" ಅಂದರು. ಪ್ರಕಟಣೆಗೆ ಯಾರೂ ಏಳಲಿಲ್ಲ. ಹೊರಗೆ ಬಂದು ಉಸಿರು ಬಿಡುವಷ್ಟರಲ್ಲಿ ಫೋನಿಗೆ ಹುಡುಗಿಯ ಮೆಸೇಜು ಬಂತು.

"ಅವ್ವ ಕೇಳ್ತಾ ಇದಾರೆ, ನಿಮ್ಮ ಚರ್ಚಲ್ಲಿ ಬನ್ ಕೊಡ್ತಾರಾ?"

ಬೇಸಿನ್ನು

ಮೂರನೇ ಭಾನುವಾರಕ್ಕೆ ಬರಬೇಕಾಗಿದ್ದ ಅವ್ವ ಹೇಳದೆ ಕೇಳದೆ ಶನಿವಾರ ಮಧ್ಯಾಹ್ನವೇ ಮೊಮ್ಮಗಳ ಜೊತೆ ನಮ್ಮೂರಲ್ಲಿ ಇಳಿದಳು. ನಮ್ಮ ಹುಳ ಗೂಡು ಕಟ್ಟೋಕೆ ಇನ್ನೆರಡು ದಿನ. ಆ ಹೊತ್ತಿಗೆ ಹುಳದ ಮನೆಗೆ ದೇವದೂತ ಬಂದರೂ ನಮ್ಮಮ್ಮ ಕಾಲು ತೊಳೆಸದೆ ಬಿಡುವವಳಲ್ಲ. ಒಬ್ಬರ ಕಾಲಿನ ಧೂಳಿನಿಂದ ರೋಗ ಬಂದರೆ ಇಡೀ ಬೆಳೆ ಹೋಯಿತು. ಅದಕ್ಕೇ ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ಕದಡಿದ ನೀರಿನ ಬೇಸಿನ್ ಇಟ್ಟಿರುತ್ತೇವೆ.

"ಹುಳ ನೋಡ್ತೀನಿ," ಅಂತ ಅವ್ವ ಸೀದಾ ಅಲ್ಲಿಗೇ ನಡೆದಳು. ನಮ್ಮಮ್ಮ ಓಡಿಬಂದು, ಮಾತಾಡದೆ ಬೇಸಿನ್ನು ಮುಂದಕ್ಕೆ ಎಳೆದು, ಅವ್ವನ ಪಾದ ಎತ್ತಿ ನೀರಿಗಿಟ್ಟು ಗಸಗಸ ಉಜ್ಜತೊಡಗಿದಳು. ವಯಸ್ಸಾದವಳು, ಬಗ್ಗಲಾರಳು ಅಂತ.

ಅವ್ವ ಕಣ್ಣು ಮುಚ್ಚಿಕೊಂಡಳು. ಕಣ್ಣಲ್ಲಿ ನೀರು. "ಯೇಸಯ್ಯ ಶಿಷ್ಯರ ಕಾಲು ತೊಳೆದ ಹಾಗೆ! ಬೀಗಿತ್ತಿ ಬಂದ್ಲು ಅಂತ ನನ್ನ ಕಾಲು ತೊಳೀತಾ ಇದೀಯಲ್ಲಮ್ಮಾ! ಇಂಥ ಮನೆ ಎಲ್ಲಿ ಸಿಗ್ತದೆ?" ಅಂದವಳೇ ತಾನೂ ಕೆಳಗೆ ಕೂತು, "ಈಗ ನಿನ್ನ ಕಾಲು ಕೊಡು" ಅಂತ ನಮ್ಮಮ್ಮನ ಪಾದ ಹಿಡಿದುಕೊಂಡಳು.

ನಮ್ಮಮ್ಮ ಬಾಯಿ ತೆರೆಯುವಷ್ಟರಲ್ಲಿ ನಾನು ನುಗ್ಗಿದೆ. "ನಮ್ಮನೇಲಿ ಯಾರು ಬಂದ್ರೂ ಹೀಗೇನೇ ಅವ್ವಾ. ತಾತನ ಕಾಲದಿಂದ ನಡ್ಕೊಂಡು ಬಂದಿದ್ದು."

ಹುಡುಗಿ ಪಕ್ಕದಲ್ಲೇ ನಿಂತಿದ್ದಳು. ಬಗ್ಗಿ ಒಂದು ಸಲ ಮೂಸಿದಳು. ನನ್ನ ಹತ್ತಿರ ಬಂದು ಮೆಲ್ಲಗೆ, "ನಮ್ಮ ಲ್ಯಾಬ್ ನೆಲ ಒರೆಸೋದೂ ಇದರಲ್ಲೇ," ಅಂದಳು. "ನೀವೇ ಹೇಳ್ತೀರೋ, ನಾನು ಹೇಳ್ಲೋ?"

"ನಾನೇ ಹೇಳ್ತೀನಿ."

"ಯಾವಾಗ?"

"ಮದ್ವೆ ಆದ್ಮೇಲೆ."

ಈ ಸಲ ಅವಳು ನಗಲಿಲ್ಲ.

ಮೂರನೇ ಭಾನುವಾರ

ಅಯ್ಯನವರು ಮೂರನೇ ಸಲ ಓದಿದರು. ಆಕ್ಷೇಪಣೆ ಇದೆಯಾ ಅಂತ ಕೇಳಿದರು. ಅವ್ವ ಎದ್ದಳು.

"ಆಕ್ಷೇಪಣೆ ಇತ್ತಯ್ಯಾ. ಹುಡುಗನ ಬಾಯಿ ಜಾಸ್ತಿ, ಬನ್ನಿನ ಚಪಲ ಬೇರೆ. ಆದ್ರೆ ನಿನ್ನೆ ಇವರಮ್ಮ ಹುಳದ ಮನೆ ಬಾಗಿಲಲ್ಲಿ ಬೇಸಿನ್ ಇಟ್ಟು ನನ್ನ ಕಾಲು ತೊಳೆದ್ಲು..."

ನಮ್ಮ ಸಭೆಯಲ್ಲಿ ಹುಳ ಸಾಕದ ಮನೆಯೇ ಇಲ್ಲ. ಮೊದಲು ಹಾಡಿನ ತಂಡದವರು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡರು. ಆಮೇಲೆ ಹೆಂಗಸರ ಕಡೆಯಿಂದ ಕಿಸಕ್ ಅಂತ ಒಂದು ನಗು. ಆಮೇಲೆ ಅಯ್ಯನವರಿಗೇ ಕೆಮ್ಮು ಬಂತು. ಅವರ ಮನೆಯಲ್ಲೂ ಹುಳ ಇದೆ.

ಅವ್ವ ಸುತ್ತ ನೋಡಿದಳು. "ಯಾಕ್ರಪ್ಪಾ ನಗ್ತೀರಾ? ನಾನೇನಂದೆ?"

ಅಷ್ಟು ಹೊತ್ತು ಗಟ್ಟಿಯಾಗಿದ್ದ ಆ ದನಿ ಸಣ್ಣದಾಗಿತ್ತು. ಹುಡುಗಿ ತಲೆ ತಗ್ಗಿಸಿದ್ದಳು. ಹುಡುಗಿ ಸಿಗದೆ ಹೋದರೂ ಹೋಗಲಿ, ಈ ಮುದುಕಿ ನನ್ನಿಂದ ತಲೆ ತಗ್ಗಿಸಬಾರದು ಅನ್ನಿಸಿ ಎದ್ದು ನಿಂತೆ.

"ಅಯ್ಯಾ, ಆಕ್ಷೇಪಣೆ ನಂದಿದೆ."

ಅಯ್ಯನವರ ಕೈಯಿಂದ ಕಾಗದ ಜಾರಿತು. "ನಿನ್ನ ಮದ್ವೆಗೆ ನಿಂದೇ ಆಕ್ಷೇಪಣೆನಾ?"

"ಹೂಂ ಅಯ್ಯಾ. ಹುಡುಗ ಸುಳ್ಳುಗಾರ. ಅವ್ವಾ, ಅದು ಹುಳಕ್ಕೆ ರೋಗ ಬರದಿರ್ಲಿ ಅಂತ ಇಟ್ಟ ಬ್ಲೀಚಿಂಗ್ ನೀರು. ಅಮ್ಮನ ತಪ್ಪಿಲ್ಲ, ಬಾಯಿ ಹಾಕಿದ್ದು ನಾನು. ಒಂದು ಗಂಟೆ ಪ್ರಾರ್ಥನೇನೂ ಸುಳ್ಳು, ಒಂದು ನಿಮಿಷ ಮಾಡಿದ್ರೆ ಹೆಚ್ಚು. ಚರ್ಚಿಗೆ ಬರೋದು ಕೊನೇ ಹಾಡಿಗೆ."

"ಅದೂ ಶ್ರುತಿ ತಪ್ಪಿ," ಅಂತ ತಬಲದವನು ಸೇರಿಸಿದ.

ಇಡೀ ಸಭೆ ಅವ್ವನ ಕಡೆ ನೋಡಿತು. ಅವ್ವ ತನ್ನ ಬಿರುಕು ಬಿಟ್ಟ ಹಿಮ್ಮಡಿ ನೋಡಿಕೊಂಡಳು.

"ಅದಕ್ಕಾ ಹಾಗೆ ಉರೀತಾ ಇತ್ತು? ಪವಿತ್ರಾತ್ಮನ ಬೆಂಕಿ ಅನ್ಕೊಂಡು ನಾನು ಕಣ್ಣು ಮುಚ್ಚಿ ತಡ್ಕೊಂಡೆ ಕಣೋ!"

ಚರ್ಚಿನ ಚಾವಣಿ ಹಾರುವಂತೆ ನಕ್ಕರು. ಎಲ್ಲರಿಗಿಂತ ಮೊದಲು ನಕ್ಕವಳು ಅವ್ವನೇ. ಕಣ್ಣೊರೆಸಿಕೊಂಡು ಅಯ್ಯನವರಿಗೆ ಹೇಳಿದಳು: "ಹುಡುಗ ಇವತ್ತು ಒಂದು ನಿಜ ಹೇಳಿದಾನೆ, ಸಾಕು. ಅವನ ಆಕ್ಷೇಪಣೆ ಬಿಟ್ಹಾಕಿ. ನಂದೇನೂ ಇಲ್ಲ."

ಮುಂದಿನ ತಿಂಗಳು ಗೌರಿಬಿದನೂರಿನ ಚರ್ಚಿನಲ್ಲಿ ಆ ಹುಡುಗಿಯನ್ನು ನನಗೆ ಕೊಟ್ಟರು.