ರಿಜಿಸ್ಟ್ರಿಗೆ ಮೇಲೊಂದು

ಶ್ರೀರಾಂಪುರದ ಬೀಜ-ಗೊಬ್ಬರ ಸಂಘದ ಗುಮಾಸ್ತ ಜಯಕುಮಾರನಿಗೆ ಅವತ್ತು ಇಂಟರ್‌ನೆಟ್ಟಿನ ಮೇಲೆ ಕೆಂಡದಂಥ ಸಿಟ್ಟು. ಚಿತ್ರದುರ್ಗದ ಮುಖ್ಯ ಕಚೇರಿಗೆ ಅವನು ಇಲ್ಲಿ ಯಾರಿಗೂ ಹೇಳದೆ ಕೇಳಿಕೊಂಡಿದ್ದ ವರ್ಗ ಮಂಜೂರಾಗಿತ್ತು. ಸಂಜೆ ನಾಲ್ಕರೊಳಗೆ ಇ-ಮೇಲ್‌ನಲ್ಲಿ ಒಪ್ಪಿಗೆ ಕಳಿಸಬೇಕಿತ್ತು. ಹೆಂಡತಿ ಶಾಲಿನಿ, ಎಳೆಗೂಸು ಇಬ್ಬರೂ ದುರ್ಗದಲ್ಲೇ. ಭಾನುವಾರ ಹೋಗಿ ಎತ್ತಿಕೊಂಡರೆ ಮಗು ಕಳ್ಳನನ್ನು ಕಂಡಂತೆ ಚೀರುತ್ತಿತ್ತು. ಇಲ್ಲಿ ನೋಡಿದರೆ ಮೇಲ್ ಪುಟವೇ ತೆರೆಯುತ್ತಿಲ್ಲ!

ಕಂಪ್ಯೂಟರ್ ಪತ್ರಿಕೆಯೊಂದರಲ್ಲಿ ಉಪಾಯವಿತ್ತು. ವಿಂಡೋಸ್‌ನ ರಿಜಿಸ್ಟ್ರಿಯೊಳಗೆ, ನೆಟ್ಟು ಒಂದು ಸಲಕ್ಕೆ ಎಷ್ಟು ಹೊರಬೇಕೆಂದು ಹೇಳುವ ಸಂಖ್ಯೆಯೊಂದಿದೆ. ಅದನ್ನು 1500 ಮಾಡಿದರೆ ವೇಗ ಹೆಚ್ಚುತ್ತದೆ; ಅದರ ಮೇಲೆ ಹೋಗಕೂಡದು. ಜಯಕುಮಾರ ರಿಜಿಸ್ಟ್ರಿ ತೆರೆದದ್ದೇ ತಡ, ಬೆನ್ನ ಹಿಂದೆ ಜನ ನೆರೆಯಿತು.

“ಏನಪ್ಪ ಇದು, ಪಹಣಿ ಇದ್ದಂಗೈತೆ!” ಎಂದಳು ಟೈಪಿಸ್ಟ್ ಉಚ್ಚಂಗಮ್ಮ.

ಮ್ಯಾನೇಜರ್ ಮೂಡಲಗಿರಿಯಪ್ಪನವರು ಕನ್ನಡಕ ಏರಿಸಿದರು. “ಸಾವಿರದ ಐನೂರಾ? ಸೊನ್ನೆಗೆ ನಿಲ್ಲಿಸ್ತಾರೇನ್ರಿ? ಮುಯ್ಯಿ ಮಾಡೋವಾಗ ಮೇಲೊಂದು ಇಡಲ್ವಾ? ಒಂದು ಸೇರಿಸ್ರಿ.”

“ಇದು ಮದುವೆ ಮನೆ ಅಲ್ಲ ಸಾರ್!”

“ಒಳ್ಳೇ ಕೆಲ್ಸ ಹೌದೋ ಅಲ್ವೋ?” ಎನ್ನುತ್ತಲೇ ಅವರು ಕೈ ಚಾಚಿ 1501 ಒತ್ತಿಯೇಬಿಟ್ಟರು.

ಕಂಪ್ಯೂಟರ್ ಮತ್ತೆ ಚಾಲೂ ಆಯಿತು. ಮೋಡೆಮ್ ಕಿರುಚಿತು. ಅಷ್ಟೇ. ತೆವಳುತ್ತಿದ್ದ ನೆಟ್ಟು ಈಗ ಪೂರಾ ಮಲಗಿತು.

“ಚೆನ್ನಾಗಿದ್ದುದ್ನ ಕೆಡಿಸಿದ್ಯಲ್ಲಪ್ಪ!” ಎಂದಳು ಉಚ್ಚಂಗಮ್ಮ.

“ಗೊತ್ತಿಲ್ದಿದ್ ಮ್ಯಾಲೆ ಯಾಕ್ರಿ ಕೈ ಹಾಕ್ಬೇಕು?” ಎಂದರು, ಕೈ ಹಾಕಿದ ಮ್ಯಾನೇಜರರೇ.

ಇಂಥ ಅನ್ಯಾಯಕ್ಕೆ ಯಾರ ಮೈ ಉರಿಯುವುದಿಲ್ಲ? ಜಯಕುಮಾರ ಕುರ್ಚಿ ಒದ್ದು ಎದ್ದ. “ಕೆಡಿಸಿದ್ದು ನಾನಾ? ಎಲ್ರೂ ಆಚೆ ನಡೀರಿ! ಸಾರ್, ನೀವೂನೂ!”

ಮ್ಯಾನೇಜರರು ಬೆರಗಾಗಿ ತಮ್ಮ ಕೋಣೆ ಸೇರಿದರು. ಅವನು ಆ ಒಂದನ್ನು ಕಿತ್ತು ಸೊನ್ನೆ ಹಾಕಿ ಕಂಪ್ಯೂಟರ್ ಆರಿಸಿ ಹಚ್ಚಿದ. ನೆಟ್ಟಿಗೂ ಫೋನಿಗೂ ಒಂದೇ ತಂತಿ; ಅದು ಖಾಲಿಯಾದದ್ದೇ ಮ್ಯಾನೇಜರರು ಫೋನೆತ್ತಿ ಯಾರೊಂದಿಗೋ ಮಾತಿಗಿಳಿದರು.

“ಫೋನ್ ಇಡ್ರಿ ಸಾರ್!” ಎಂದು ಜಯಕುಮಾರ ಗಂಟಲು ಹರಿಯುವಂತೆ ಕೂಗಿದ.

ಫೋನ್ ಇಟ್ಟರು. ನೆಟ್ಟು ಸಿಕ್ಕಿತು. ಪುಟ ಪಟಕ್ಕನೆ ತೆರೆಯಿತು. ನಾಲ್ಕಕ್ಕೆ ಇನ್ನೂ ಐದು ನಿಮಿಷವಿದ್ದಾಗ ಒಪ್ಪಿಗೆ ಹೋಯಿತು. ಕಿಟಕಿಯಾಚೆಯಿಂದ ಇಣುಕುತ್ತಿದ್ದ ಉಚ್ಚಂಗಮ್ಮನೂ ಚಪ್ಪಾಳೆ ತಟ್ಟಿದಳು. ಮಗುವಿನ ಮುಖ ನೆನೆದು ಅವನ ಕಣ್ಣು ತೇವವಾಯಿತು.

ಅಷ್ಟರಲ್ಲೇ ಉತ್ತರವೂ ಬಂತು: ‘ನಿಮ್ಮನ್ನು ಬಿಟ್ಟುಕೊಡಲಾಗದೆಂದು ನಿಮ್ಮ ಮ್ಯಾನೇಜರರು ಈಗಷ್ಟೇ ಫೋನಿನಲ್ಲಿ ಪಟ್ಟು ಹಿಡಿದ ಕಾರಣ ವರ್ಗಾವಣೆ ರದ್ದಾಗಿದೆ.’

ಮ್ಯಾನೇಜರರು ಬಾಗಿಲಲ್ಲಿ ನಗುತ್ತ ನಿಂತಿದ್ದರು. “ನನ್ನೇ ಆಚೆ ದಬ್ಬಿ ರಿಪೇರಿಗೆ ಕುಂತ್ಯಲ್ಲ, ಖುಷಿ ಆಯ್ತು ಕಣಪ್ಪ. ಹೆಡ್ಡಾಫೀಸ್ ಸಾಹೇಬ್ರಿಗೆ ಫೋನ್ ಹಚ್ಚಿ ಹೊಗಳಿದ್ದೇ ಹೊಗಳಿದ್ದು. ನೋಡಿದ್ರೆ ನಿನ್ನ ದುರ್ಗಕ್ಕೆ ಎಳ್ಕಳಾಕೆ ಹೊಂಚು ಹಾಕ್ಯವ್ರೆ! ನಮ್ ಹುಡುಗನ್ನ ಬಿಡ್ತೀನಾ? ತಪ್ಪಿಸ್ದೆ. ಎಲ್ಲಿ, ಒಂದು ಥ್ಯಾಂಕ್ಸ್ ಹೇಳು.”