ಕೌದಿ ಹೊದ್ದ ವ್ಯಾನು

ದುಂಡಮ್ಮ: ಇದಕ್ಕ ಬಿಸಿನೀರು ಅಂತಾರೇನೋ ಕಾಶಿರಾಯ? ಸಕ್ಕರಿ ಹಾಕಿ ನಿಂಬಿಹಣ್ಣು ಹಿಂಡಿದರ ಶರಬತ್ತು ಆಗ್ತದ!

ಕಾಶಿರಾಯ: ಇನ್ನೊಂದು ಐದು ಮಿನಿಟು ತಡೀರಿ ಅವ್ವಾ. ಇಂಜಿನ್ನು ಕಾಯಬೇಕು.

ದುಂಡಮ್ಮ: ಮುಂಜಾನಿಂದ ನಿನ್ನ ಐದು ಮಿನಿಟು ಮುಗೀವಲ್ದು. ತುಪ್ಪದ ಡಾಗು ಹೋಗೋದು ಅತ್ಲಾಗಿರಲಿ, ಅಂಗೈಯಷ್ಟಿದ್ದದ್ದು ಈಗ ತಾಟಿನಷ್ಟಾಗ್ಯದ!

ಕಮಲಾಪುರದ ದುಂಡಮ್ಮನ ಮನೆಯ ಪಡಸಾಲೆಯಲ್ಲಿ ದೊಡ್ಡದೊಂದು ಕೆಂಪು ಗಾಲೀಚಾ ಹಾಸಿತ್ತು. ಮರುದಿನ ಮುಂಜಾನೆ ಮೊಮ್ಮಗಳು ಶೇವಂತಾಳ ನಿಶ್ಚಿತಾರ್ಥ; ಬೀಗರು ಕೂರಬೇಕಾದದ್ದು ಅದರ ಮೇಲೆಯೇ. ನಟ್ಟನಡುವೆ ಹೋಳಿಗೆಯ ತುಪ್ಪ ಚೆಲ್ಲಿದ ಕಲೆ. ಅದನ್ನು ತೆಗೆಯಲೆಂದು ಕಾಶಿರಾಯ ಕಲಬುರಗಿಯಿಂದ ತನ್ನ ವ್ಯಾನು ತಂದಿದ್ದ. ವ್ಯಾನಿನ ಇಂಜಿನ್ನಿನ ಶಾಖದಿಂದ ನೀರು ಕಾಯಿಸಿ, ಪೈಪಿನಲ್ಲಿ ನೂಕಿ, ಕರಗಿದ ಕೊಳೆಯನ್ನು ಹೀರಿಕೊಳ್ಳುವ ಯಂತ್ರ ಅದರಲ್ಲಿತ್ತು. ತೊಂಬತ್ತೆಂಟರ ಆ ಬೇಸಿಗೆಯಲ್ಲಿ ದುಂಡಮ್ಮನ ಓಣಿಯವರು ಅಂಥದನ್ನು ನೋಡಿದ್ದು ಅದೇ ಮೊದಲು.

ದುಂಡಮ್ಮ: ನಾನೇ ಒಲಿ ಮ್ಯಾಲ ಒಂದು ಹಂಡೆ ನೀರು ಇಡ್ಲೇನು?

ಕಾಶಿರಾಯ: ಬ್ಯಾಡವ್ವಾ. ಕೈಯಿಂದ ಸುರದ್ರ ಗಾಲೀಚಾ ಮೂರು ದಿನ ಒಣಗೂದಿಲ್ಲ. ಹೈದರಾಬಾದಿನಾಗ ಬ್ಯಾರೆ ಗಾಡಿ ಮ್ಯಾಲ ಇದ್ದಾಗ ಇದೇ ಮಷೀನು ಹೊಗಿ ಆಡೋ ನೀರು ಕೊಡ್ತಿತ್ತು. ಏ ಚಾಂದಪಾಶಾ, ಏನಾಗ್ಯದ ನೋಡೋ!

ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಡ್ರೈವರ್ ಚಾಂದಪಾಶಾ ಒಳಗೆ ಬಂದ.

ಚಾಂದಪಾಶಾ: ಇಂಜಿನ್ನಿಗಿ ಏನೂ ಆಗಿಲ್ಲ ಸಾಬ. ಕೈ ಇಟ್ಟು ನೋಡ್ರಿ, ಬಿಲಕುಲ್ ತಂಪ ಅದ!

ಕಾಶಿರಾಯ: ಅದೇ ಅಲ್ಲೇನೋ ರೋಗ!

ಚಾಂದಪಾಶಾ: ತಂಪ ಇರೋದು ರೋಗಾ? ಇಪ್ಪತ್ತು ಬ್ಯಾಸಗಿ ಗಾಡಿ ಹೊಡದೀನಿ. ಒಂದು ದಿನಾನೂ ನನ್ನ ಗಾಡಿ ಕುದ್ದು ದಾರ್ಯಾಗ ನಿಂತಿಲ್ಲ. ಸೇಡಂ ರಸ್ತ್ಯಾಗ ಯಾರನ್ನ ಬೇಕಾದ್ರೂ ಕೇಳ್ರಿ.

ಕಾಶಿರಾಯ ಪೈಪಿನ ಜಾಡು ಹಿಡಿದು ಹೊರಟ. ಅದು ಪಡಸಾಲೆ ಬಿಟ್ಟು, ಅಂಗಳ ದಾಟಿ, ಓಣಿಯ ಕೊನೆಯ ಬೇವಿನ ಮರದ ಕೆಳಗೆ ನಿಂತ ವ್ಯಾನನ್ನು ಮುಟ್ಟಿತ್ತು.

ಕಾಶಿರಾಯ: ಗಾಡಿ ಬಾಗಿಲಿಗಿ ಹಚ್ಚು ಅಂದಿದ್ದಿಲ್ಲೇನು?

ಚಾಂದಪಾಶಾ: ಬಾಗಿಲ ಮುಂದ ಬಿಸಿಲು ಅದಲ್ರೀ. ಪಾಪ, ನೆರಳಾಗಿರಲಿ ಅಂತ ತಂದೀನಿ.

ಕಾಶಿರಾಯ: ಇಷ್ಟು ಉದ್ದ ಪೈಪಿನಾಗ ನೀರು ಮನಿ ಮುಟ್ಟೋದ್ರಾಗ ಆರ್ತದೋ! ಮತ್ತ ಪೈಪಿಗಿ ಇದೇನು ಸುತ್ತೀದಿ?

ಚಾಂದಪಾಶಾ: ಹಸಿ ಗೋಣಿತಟ್ಟು. ರಬ್ಬರು ಬಿಸಿಲಿಗಿ ಸೀಳ್ತದಲ್ಲ? ಒಣಗಿದಾಗೊಮ್ಮೆ ನೀರು ಹೊಡಿಯಾಕತ್ತೀನಿ.

ದುಂಡಮ್ಮ: ಕುಡಿಯೋ ನೀರಿನ ಕೊಡಕ್ಕ ನಾವೂ ಹಿಂಗೇ ಸುತ್ತೀವಿ. ಭಾಳ ತಂಪ ಇರ್ತದ.

ಕಾಶಿರಾಯ: (ಹಣೆ ಬಡಿದುಕೊಂಡು) ಕೇಳಿದಿಲ್ಲೋ!

ವ್ಯಾನು ಬಾಗಿಲಿಗೆ ಬಂತು. ಗೋಣಿತಟ್ಟು ಕಳಚಿತು, ಪೈಪು ಗಿಡ್ಡವಾಯಿತು. ಅರ್ಧ ತಾಸಿನ ಮೇಲೆ ದುಂಡಮ್ಮ ನೀರಿಗೆ ಬೆರಳು ಒಡ್ಡಿದಳು.

ದುಂಡಮ್ಮ: ಹಾಂ, ಸುಧಾರಿಸ್ಯದ. ಈಗ ಕೂಸಿಗಿ ಎರೀಬಹುದು.

ಕಾಶಿರಾಯ: ಕೂಸಿಗಲ್ಲವ್ವಾ, ತುಪ್ಪ ಕರಗಬೇಕು. ಚಾಂದಪಾಶಾ, ಖರೆ ಹೇಳು. ಇಂಜಿನ್ನಿನಾಗ ಥರ್ಮೋಸ್ಟಾಟ್ ಅಂತ ಒಂದು ಸಣ್ಣ ಬಿಲ್ಲಿ ಇರ್ತದ. ಇಂಜಿನ್ನು ಕಾಯೋತನಕ ಒಳಗಿನ ನೀರು ರೇಡಿಯೇಟರಿಗಿ ಹೋಗಿ ತಣ್ಣಗಾಗದಂಗ ಬಾಗಿಲು ಹಾಕೊಂಡು ಕುಂದರ್ತದ. ಅದು ಅದನೋ ಇಲ್ಲೋ?

ಚಾಂದಪಾಶಾ: (ಎದೆ ಉಬ್ಬಿಸಿ) ಇಲ್ಲ! ಗಾಡಿ ಕೈಗಿ ಬಂದ ದಿನಾನೇ ಕಿತ್ತೀನಿ.

ಕಾಶಿರಾಯ: ಕಿತ್ತಿದಿ!

ಚಾಂದಪಾಶಾ: ನಮ್ಮ ಊರಾಗ ಹುಷಾರ್ ಡ್ರೈವರ್ ಯಾವನು ಅದನ್ನ ಇಟ್ಕೋತಾನ್ರೀ? ಅದು ಥಂಡಿ ಮುಲ್ಕಿನ ಸಾಮಾನು. ಇಲ್ಲಿ ಕಾಯಿಸಾಕ ಮ್ಯಾಲ ಸೂರ್ಯ ಇಲ್ಲೇನು?

ಕಾಶಿರಾಯ: ಈಗ ಎಲ್ಲದ ಅದು?

ಚಾಂದಪಾಶಾ: ಮನ್ಯಾಗ. ನಮ್ಮ ಮನಿಯಾಕಿ ಹಾಜಿರಾ ಅದರಾಗ ಊದಿನಕಡ್ಡಿ ಸಿಗಸ್ತಾಳ.

ಚಾಂದಪಾಶಾನ ಮನೆ ಕಲಬುರಗಿಯ ಕೋಟೆಯ ಹಿಂದೆ. ಅಲ್ಲಿಗೆ ಹೋಗಿ, ತಂದು, ಜೋಡಿಸುವುದರೊಳಗೆ ಹೊತ್ತು ಮುಳುಗುತ್ತದೆ. ಆಮೇಲೆ ತೊಳೆದ ಗಾಲೀಚಾ ಬೀಗರು ಬರುವ ಹೊತ್ತಿಗೆ ಒಣಗದು. ಕಾಶಿರಾಯ ತಲೆಯ ಮೇಲೆ ಕೈ ಹೊತ್ತು ಕಟ್ಟೆಯ ಮೇಲೆ ಕುಳಿತುಬಿಟ್ಟ.

ದುಂಡಮ್ಮ: ಒಳಗ ಕಾವು ನಿಲ್ಲವಲ್ದು, ಇಷ್ಟೇ ಹೌದಿಲ್ಲೋ? ಅದಕ್ಕ ಗಾಳಿ ಎಲ್ಲಿಂದ ಹೊಡಿತದ?

ಕಾಶಿರಾಯ: ರೇಡಿಯೇಟರಿನ ಮುಂದಿನ ಜಾಳಗಿಯಿಂದ.

ದುಂಡಮ್ಮ: ಏಳು ಬಾಣಂತನ ಮಾಡೀನಿ ನಾನು. ಬಾಣಂತಿ ಖೋಲಿಗಿ ಮೊದಲು ಗಾಳಿ ಬರೋ ಕಿಂಡಿ ಮುಚ್ಚಬೇಕು.

ದುಂಡಮ್ಮ ಒಳಗೆ ಹೋಗಿ, ನೂರು ಬಣ್ಣದ ತುಂಡು ಸೇರಿಸಿ ಹೊಲಿದ ದಪ್ಪ ಕೌದಿಯೊಂದನ್ನು ಹೊತ್ತು ತಂದಳು.

ಚಾಂದಪಾಶಾ: ಯಾ ಅಲ್ಲಾ! ಮೇ ತಿಂಗಳದಾಗ ಕೌದಿ? ಅಮ್ಮಾ, ನನ್ನ ಗಾಡಿ ಸಾಯ್ತದ!

ದುಂಡಮ್ಮ: ಸರಿ ಆಕಡಿ. ನನ್ನ ಕೈಯಾಗ ಏಳಕ್ಕ ಏಳೂ ಬದುಕ್ಯಾವ.

ಕಾಶಿರಾಯ: (ಥಟ್ಟನೆ ಎದ್ದು) ಅವ್ವಾ, ಇದು ನನಗ ಹೊಳೀಲೇ ಇಲ್ಲ ನೋಡ್ರಿ! ಕಟ್ರಿ, ಕಟ್ರಿ!

ಜಾಳಿಗೆಗೆ ಕೌದಿ ಬಿಗಿದದ್ದಾಯಿತು. ಇಂಜಿನ್ನು ಗುಡುಗತೊಡಗಿತು. ಚಾಂದಪಾಶಾ ಸೀಟಿನ ಮೇಲೆ ಕುಳಿತು ಶಾಖದ ಮುಳ್ಳನ್ನೇ ನೋಡುತ್ತಿದ್ದ.

ಚಾಂದಪಾಶಾ: ಅರ್ಧ ಆಯ್ತು ಸಾಬ... ಅರ್ಧ ದಾಟ್ತು... ಇಪ್ಪತ್ತು ವರ್ಷದ ನನ್ನ ಹೆಸರು ಹೋಯ್ತು!

ಕಾಶಿರಾಯ: ಕೆಂಪು ಗೀಟು ಸಮೀಪ ಬಂದ್ರ ಕೌದಿ ಒಂಚೂರು ಸರಸು. ಅಲ್ಲಿತನಕ ಮುಟ್ಟಬ್ಯಾಡ.

ಪಡಸಾಲೆಯಲ್ಲಿ ಪೈಪಿನ ಬಾಯಿಂದ ಬಿಳಿಯ ಹಬೆ ಎದ್ದಿತು. ದುಂಡಮ್ಮ ಬೆರಳು ಒಡ್ಡಿದಳು.

ದುಂಡಮ್ಮ: ಅಯ್ಯಯ್ಯಯ್ಯೋ, ಸುಟ್ತು! ಭೇಷ್ ಕಾಶಿರಾಯ, ಭೇಷ್! ಹಿಂಗ ಸುಡಬೇಕು!

ಒಂದು ತಾಸಿನಲ್ಲಿ ತುಪ್ಪ ಕರಗಿ ಕಲೆ ಮಾಯವಾಯಿತು. ಕೈಯಾಡಿಸಿದರೆ ತುಸುವೇ ತೇವ. ಕಮಲಾಪುರದ ಬಿಸಿಗಾಳಿಗೆ ಅದು ಎಷ್ಟರ ಮಾತು! ಚಾಂದಪಾಶಾ ಓಡಿಹೋಗಿ ಕೌದಿಯನ್ನು ಬಿಚ್ಚಿ, ವ್ಯಾನಿನ ಮೂತಿಗೆ ಟವೆಲಿನಿಂದ ಗಾಳಿ ಬೀಸತೊಡಗಿದ. ಕೌದಿಯ ನೂರು ಬಣ್ಣವೂ ಆಯಿಲ್ಲು, ಧೂಳು, ಸತ್ತ ಮಿಡತೆಗಳಲ್ಲಿ ಸೇರಿ ಒಂದೇ ಕಪ್ಪು ಬಣ್ಣವಾಗಿತ್ತು.

ದುಂಡಮ್ಮ: ಅಯ್ಯ ನನ್ನ ಕೌದಿ! ನಮ್ಮತ್ತಿ ಕೈಯಾರೆ ಹೊಲದದ್ದು. ಕಾಶಿರಾಯ, ನಿನ್ನ ಮಷೀನಿಗಿ ಇದನ್ನ ತೊಳಿಯಾಕ ಬರ್ತದೇನು?

ಕಾಶಿರಾಯ: ಯಾಕ ಬರಂಗಿಲ್ಲವ್ವಾ? ನೀರು ಬಿಸಿ ಇದ್ದರ ಆಯ್ತು.

ಚಾಂದಪಾಶಾ: (ಗಾಳಿ ಬೀಸುವುದನ್ನು ನಿಲ್ಲಿಸಿ) ಹಂಗಿದ್ರ ಅಮ್ಮಾ, ಒಳಗಿಂದ ಇನ್ನೊಂದು ಕೌದಿ ತರ್ರಿ.