ಎಡಗಡೆಯ ಸ್ಪೀಕರು ಕೆಮ್ಮುತ್ತದೆ

ಮಾರಲು ಇಷ್ಟವಿಲ್ಲದ ವಸ್ತುವನ್ನು ಮಾರಲು ಹೊರಟವನಷ್ಟು ಪ್ರಾಮಾಣಿಕ ಮನುಷ್ಯ ಇನ್ನೊಬ್ಬನಿಲ್ಲ. ಅದರ ಒಂದೊಂದು ಕುಂದನ್ನೂ ಅವನು ಎಷ್ಟು ಶ್ರದ್ಧೆಯಿಂದ ಎತ್ತಿ ತೋರಿಸುತ್ತಾನೆಂದರೆ, ಕೇಳುವವರಿಗೆ ಕಣ್ಣೀರು ಬರಬೇಕು. ಈ ಶ್ರದ್ಧೆ ನನ್ನಲ್ಲೂ ಇದೆ ಎಂದು ಗೊತ್ತಾದದ್ದು, ನನ್ನ ಹಾಡಿನ ಸೆಟ್ಟನ್ನು ಇಂಟರ್ನೆಟ್ಟಿನಲ್ಲಿ ಮಾರಾಟಕ್ಕೆ ಇಟ್ಟಾಗ.

ಅದು ಮದುವೆಗೆ ಮುಂಚೆ ಬಾಗಲಕೋಟೆಯಿಂದ ತಂದ ಸೆಟ್ಟು. ಒಂದು ಆಂಪ್ಲಿಫೈಯರ್, ಎರಡು ಕ್ಯಾಸೆಟ್ ಹಾಕುವ ಡೆಕ್ಕು, ಸೊಂಟದೆತ್ತರದ ಎರಡು ಸ್ಪೀಕರು. ಬಸ್ಸಿನ ಟಾಪಿನ ಮೇಲೆ ಹಾಕಲು ಜೀವ ಒಪ್ಪದೆ, ಸ್ಪೀಕರುಗಳಿಗೆ ಟಿಕೆಟ್ ತೆಗೆಸಿ ಸೀಟಿನ ಮೇಲೆ ಕೂರಿಸಿ, ನಾನು ಇಳಕಲ್ಲಿನವರೆಗೂ ನಿಂತು ಬಂದಿದ್ದೆ. ಹುನಗುಂದದಲ್ಲಿ ಹತ್ತಿದ ಅಜ್ಜಿಯೊಬ್ಬಳು, "ಪೆಟಗಿ ಕುಂತಾವು, ಮನಷ್ಯಾ ನಿಂತಾನ" ಎಂದು ಬಸ್ಸಿಗೆಲ್ಲ ಕೇಳುವಂತೆ ಹೇಳಿದಳು. ನನಗೆ ಬೇಸರವಾಗಲಿಲ್ಲ. ಆ ಸೆಟ್ಟನ್ನು ನಾನು ಅಷ್ಟು ಪ್ರೀತಿಸಿದ್ದೆ.

ಆದರೆ ಕಾಲ ಬದಲಾಗಿ, ಶಾಲೆಯ ಹುಡುಗರ ಮೊಬೈಲಿನಲ್ಲೇ ನೂರು ಹಾಡು ಕೂತವು. ಅದೇ ಹೊತ್ತಿಗೆ ನನ್ನ ಹೆಂಡತಿ ಗಿರಿಜಾ, ಮನೆಯಲ್ಲೇ ಸೀರೆಗೆ ಫಾಲ್ ಹಚ್ಚಿ ಪಿಕೋ ಮಾಡುವ ಕೆಲಸ ಶುರುಮಾಡಲು ನಿರ್ಧರಿಸಿದಳು. ಇಳಕಲ್ಲಿನಲ್ಲಿ ಸೀರೆಗೇನು ಬರವೇ? ಬರವಿದ್ದದ್ದು ನಮ್ಮ ಪಡಸಾಲೆಯಲ್ಲಿ ಜಾಗಕ್ಕೆ. "ಸೋಮವಾರ ಮಷಿನ್ ಬರತೈತಿ. ಆ ಮೂಲಿ ಖಾಲಿ ಆಗಬೇಕ್ರಿ. ಇಲ್ಲಾಂದ್ರ ಮಷಿನ್ ನಿಮ್ಮ ಕಾಟಿನ ಮ್ಯಾಲೆ ಇಡ್ತೇನಿ, ನೀವು ಸ್ಪೀಕರ್ ಮ್ಯಾಲೆ ಮಲಕೋರಿ" ಎಂದಳು. ಗುಜರಿಯವನನ್ನು ಕರೆಯುವ ಮಾತೂ ಬಂತು. ನಾನು ಗಾಬರಿಯಿಂದ, "ಈಗೆಲ್ಲಾ ಇಂಟರ್ನೆಟ್‌ನ್ಯಾಗ ಮಾರ್ತಾರ, ನಾ ಮಾರಿ ತೋರಿಸ್ತೇನಿ" ಎಂದೆ. ಇಳಕಲ್ಲಿನ ಕ್ಯಾಸೆಟ್ ಡೆಕ್ಕನ್ನು ಜಗತ್ತಿನಲ್ಲಿ ಯಾರು ಹುಡುಕುತ್ತಾರೆ ಎಂಬುದು ನನ್ನ ಒಳಗಿನ ಧೈರ್ಯ.

ಬಸ್ ಸ್ಟ್ಯಾಂಡಿನ ಬಳಿಯ ಇಂಟರ್ನೆಟ್ ಅಂಗಡಿಯಲ್ಲಿ ಕೂತು ಜಾಹೀರಾತು ಬರೆದೆ. ಇಲ್ಲಿ ನಮ್ಮ ಮನೆತನದ ಒಂದು ಪದ್ಧತಿ ಹೇಳಬೇಕು. ನಮ್ಮಪ್ಪನದು ಸೀರೆ ಅಂಗಡಿ. ಗಿರಾಕಿ ಸೀರೆ ಮೆಚ್ಚಿದ ಕೂಡಲೇ ಅಪ್ಪ ಅದನ್ನು ಪೂರ್ತಿ ಬಿಚ್ಚಿ, ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಬಣ್ಣ ಮಂಕಾಗಿದೆ ಎಂದು ತಾನೇ ಬೆರಳಿಟ್ಟು ತೋರಿಸುತ್ತಿದ್ದ. ಐಬು ತೋರಿಸದೆ ಮಡಚಿಕೊಟ್ಟ ಸೀರೆ ಅವನ ಅಂಗಡಿಯಿಂದ ಹೊರಗೆ ಹೋದದ್ದಿಲ್ಲ. ನಾನೂ ಪಿತೃವಾಕ್ಯ ಪರಿಪಾಲಕನಾಗಿ ಬರೆದೆ: ಎಡಗಡೆಯ ಸ್ಪೀಕರು ಮಳೆಗಾಲದಲ್ಲಿ ಕೆಮ್ಮುತ್ತದೆ. ಡೆಕ್ಕು ವರ್ಷಕ್ಕೊಮ್ಮೆಯಾದರೂ ಕ್ಯಾಸೆಟ್ ನುಂಗುತ್ತದೆ. ವಾಲ್ಯೂಮ್ ತಿರುಗಿಸುವ ಗುಂಡಿ ಕಳೆದಿದೆ, ಇಕ್ಕಳ ಬೇಕು. ಎಲ್ಲ ಸತ್ಯ. ಅಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದ, ಮಗನ ಉದ್ದೇಶ ಗೊತ್ತಾಗುವವರೆಗೆ.

ಫೋನು ಬರಲಾರದೆಂದುಕೊಂಡಿದ್ದೆ. ಬಂತು. ಬಾಗಲಕೋಟೆಯವನೊಬ್ಬ ಎಷ್ಟು ವ್ಯಾಟು ಎಂದು ಕೇಳಿದ. ಸೆಟ್ಟಿನ ಬೆನ್ನಿಗಿದ್ದ ಚೀಟಿ ಅಳಿಸಿಹೋಗಿದೆ ಎಂದೆ. ಬಾದಾಮಿಯವನೊಬ್ಬ ಹಳೇ ಮಿಕ್ಸರು ಕೊಡುತ್ತೇನೆ, ಅದಲು ಬದಲು ಮಾಡೋಣ ಎಂದ. ಇನ್ನಿಬ್ಬರು ಮನೆಗೇ ಬಂದು, ತಂದ ಕ್ಯಾಸೆಟ್ಟಿನ ಎರಡೂ ಬದಿ ಕೇಳಿ, ಗಿರಿಜಾ ಮಾಡಿದ ಮಂಡಕ್ಕಿ ಸೂಸಲಾ ತಿಂದು, ಚಹಾ ಕುಡಿದು, "ವಿಚಾರ ಮಾಡ್ತೇವ್ರಿ" ಎಂದು ಎದ್ದುಹೋದರು. ನನಗೆ ವಾರ ಆನಂದವಾಗಿ ಕಳೆಯಿತು.

ಭಾನುವಾರ ರಾಜೇಸಾಬ ಬಂದ. ಗ್ರಾನೈಟ್ ಪಾಲಿಶ್ ಮಾಡುವವನು, ನಮ್ಮೂರಿನವನೇ. ಅವನ ಅಳಿಯ ಬಾಗಲಕೋಟೆಯಲ್ಲಿ ಕಂಪ್ಯೂಟರಿನಲ್ಲಿ ನೋಡಿ ಹೇಳಿದನಂತೆ. ಎಡಗಡೆಯ ಸ್ಪೀಕರಿನ ಕೆಮ್ಮಿನ ವಿಷಯ ಎತ್ತಿದೆ. "ಚಿಂತಿಲ್ಲ ಬಿಡ್ರಿ ಸರ. ಮಷಿನ್ ಸಪ್ಪಳಕ್ಕ ನನ್ನ ಎಡಗಿವಿ ಹೋಗಿ ಭಾಳ ದಿನಾ ಆತು" ಎಂದ. ಕ್ಯಾಸೆಟ್ ನುಂಗುತ್ತದೆ ಎಂದರೆ, "ವರ್ಷಕ್ಕೊಂದು ತಿಂದ್ರ ತಿನ್ನಲಿ ಬಿಡ್ರಿ" ಎಂದ. ಇದ್ದ ಐಬುಗಳು ಮುಗಿದಿದ್ದವು. ಹೀಗಾಗಿ ಇಲ್ಲದವನ್ನು ಶುರುಮಾಡಿದೆ. ಆಗಾಗ ಶಾಕ್ ಹೊಡೆಯುತ್ತದೆ ಎಂದೆ. ಕರೆಂಟ್ ಬಿಲ್ಲು ವಿಪರೀತ ಎಂದೆ. ಒಳಗೆ ಇಲಿ ಮರಿ ಹಾಕಿರಬಹುದು ಎಂದೆ. ಬಾಗಿಲಲ್ಲಿ ನಿಂತ ಗಿರಿಜಾ ಸೆರಗು ಬಾಯಿಗೆ ಇಟ್ಟುಕೊಂಡದ್ದು ಕಂಡಿತು. ಹದಿನೈದು ವರ್ಷದಲ್ಲಿ ಆ ಸೆಟ್ಟಿನ ಬಳಿ ಒಂದು ಇರುವೆಯನ್ನೂ ನಾನು ಬಿಟ್ಟವನಲ್ಲವೆಂದು ಅವಳಿಗೆ ಗೊತ್ತು.

ರಾಜೇಸಾಬ ಎದ್ದು ನಿಂತು ನನ್ನ ಎರಡೂ ಕೈ ಹಿಡಿದುಕೊಂಡ. "ಸರ, ಈ ಕಾಲದಾಗ ತನ್ನ ಸಾಮಾನಿಗೆ ಇಷ್ಟು ಐಬು ತಾನ ಹೇಳೋ ಮನಷ್ಯಾನ್ನ ನಾ ನೋಡಿಲ್ಲ. ಇಂಥಾ ಖರೇ ಮಂದಿ ಮನಿ ಸಾಮಾನು ಬಿಟ್ಟು ಹೋಗಬಾರದು" ಎಂದ. ಹೊರಗೆ ನಿಲ್ಲಿಸಿದ್ದ ಟಂಟಂ ಗಾಡಿಗೆ ಸೆಟ್ಟು ಏರಿತು. ಸ್ಪೀಕರುಗಳಿಗೆ ಗೋಣಿಚೀಲ ಸುತ್ತಿ ಎಂದು ಹೇಳಿ, ಹಗ್ಗದ ಗಂಟನ್ನು ನಾನೇ ಎರಡು ಸಲ ಬಿಗಿದೆ. ಅದನ್ನೂ ಅವನು ಪ್ರಾಮಾಣಿಕತೆಯ ಲಕ್ಷಣವೆಂದೇ ತಿಳಿದ.

ಸೋಮವಾರ ಪಿಕೋ ಮಷಿನ್ ಬಂತು. ರಾಜೇಸಾಬನ ಬಾಯಿಂದ ಓಣಿ ಓಣಿಗೆ ನನ್ನ ಸತ್ಯಸಂಧತೆ ಹಬ್ಬಿತು. ಫ್ರಿಜ್ಜು, ಸ್ಕೂಟರು, ಹೊಲಿಯದ ಹೊಲಿಗೆ ಯಂತ್ರ ಇಟ್ಟುಕೊಂಡವರೆಲ್ಲ, "ಸರ, ನಮ್ಮದೂ ಇಂಟರ್ನೆಟ್‌ನ್ಯಾಗ ನೀವ ಬರದು ಹಾಕ್ರಿ, ನೀವು ಬರದ್ರ ಮಂದಿ ನಂಬತಾರ" ಎಂದು ಬಾಗಿಲಿಗೆ ಬರುತ್ತಾರೆ. ಭಾನುವಾರವೆಲ್ಲ ಇನ್ನೊಬ್ಬರ ಸಾಮಾನಿನ ಐಬು ಬರೆಯುವುದರಲ್ಲೇ ಹೋಗುತ್ತದೆ. ಮೊನ್ನೆ ಗಿರಿಜಾ ಸೀರೆಯ ಅಂಚಿನಿಂದ ತಲೆ ಎತ್ತದೆ, "ಹಂಗ ನಿಮ್ಮದೂ ಒಂದು ಬರೀರಿ, ಯಾರರ ಒಯ್ದರ ಒಯ್ಯಲಿ" ಎಂದಳು. ನಾನೇನು ಹಿಂಜರಿಯುವವನೇ? ಹಾಳೆ ತೆಗೆದು ಕೂತೆ. ಎಷ್ಟು ಯೋಚಿಸಿದರೂ ನನ್ನಲ್ಲಿ ಒಂದು ಐಬೂ ಹೊಳೆಯಲಿಲ್ಲ. ಅವಳು ಮಷಿನ್ ನಿಲ್ಲಿಸದೆ, "ಬರಕೋರಿ, ಹೇಳ್ತೇನಿ" ಎಂದು ಶುರುಮಾಡಿದಳು. ಈಗ ಎರಡನೇ ಹಾಳೆ ನಡೆದಿದೆ.